ಫೋಟೊದ ಬೆನ್ನಲ್ಲಿ ಏನು ಬರೆದಿದೆ?

(ಹಾಸನದಲ್ಲಿ ಗ್ರಂಥಾಲಯ ಸಪ್ತಾಹದ ದಿನಗಳಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾಸನಾಂಬೆ ಗುಡಿಯ ಬಾಗಿಲು ಹಾಕಿ ಇನ್ನೂ ತುಂಬ ದಿನ ಆಗಿಲ್ಲ. ವರ್ಷಕ್ಕೊಂದು ಸಲ ಬಾಗಿಲು ತೆಗೆಯುವುದು ನಮ್ಮ ದೇವಿಗೆ ಒಪ್ಪುತ್ತದೆ. ಲೈಬ್ರರಿ ಬೀರುವಿಗೆ ಒಪ್ಪುವುದಿಲ್ಲ. ಇವತ್ತು ನಾನು ಮಾತನಾಡುವುದು ಆ ಬೀರುವಿನ ಬಗ್ಗೆ, ಅದರಲ್ಲೂ ಅಲ್ಲಿ ಇರಬೇಕಾದ ಊರಿನ ಹಳೆಯ ಫೋಟೊಗಳ ಬಗ್ಗೆ. ಯಾವ ಊರಿನ ಲೈಬ್ರರಿಗೆ ಹೋದರೂ ಪರಾಮರ್ಶನ ವಿಭಾಗ ಅಂತ ಒಂದು ಮೂಲೆ ಇರುತ್ತದೆ. ಅಲ್ಲಿ ಗಾಜಿನ ಬಾಗಿಲ ಹಿಂದೆ ಒಂದಿಷ್ಟು ದಪ್ಪ ಪುಸ್ತಕ ಇರುತ್ತವೆ. ಮನೆಗೆ ಕೊಡುವುದಿಲ್ಲ. ಕೇಳಿದರೆ ಬೀಗದ ಕೈ ಹುಡುಕಬೇಕು. ಪೇಪರ್ ಓದಲು ಬಂದವರು ಆ ಕಡೆ ತಿರುಗಿಯೂ ನೋಡುವುದಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಅದರಿಂದ ಉಪಯೋಗ ಇಲ್ಲ. ಹಾಗಾಗಿ ಬೀಗ ಹಾಗೇ ಇರುತ್ತದೆ.

ಆ ಬೀರುವಿನಲ್ಲಿ ನಮ್ಮ ಊರಿನ ಬಗ್ಗೆ ಏನೇನು ಇರಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು, 1902ರಲ್ಲಿ ಬಂತು. 6ನೆಯದು ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರು. ಆ ಜಿಲ್ಲೆಗೆ ಈಗಿನ ಹೆಸರು ಬಂದದ್ದು 1947ರಲ್ಲಿ. ಶ್ರವಣಬೆಳಗೊಳಕ್ಕೆ ಬೇರೆಯೇ ಸಂಪುಟ ಇದೆ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಪ್ರಕಟಿಸಿದ್ದು ಅಂಥ ವರದಿಯಲ್ಲೇ, 1936ರದು. ಆಮೇಲೆ ಗ್ಯಾಸೆಟಿಯರ್‌ಗಳು, ಜನಗಣತಿಯ ಜಿಲ್ಲಾ ಕೈಪಿಡಿಗಳು. ಇವೆಲ್ಲ ಬೆಂಗಳೂರು, ಮೈಸೂರಲ್ಲೂ ಸಿಗುತ್ತವೆ. ಎಷ್ಟೋ ಈಗ ಇಂಟರ್‌ನೆಟ್‌ನಲ್ಲೂ ಇವೆ. ಇವನ್ನು ಇಟ್ಟುಕೊಂಡರೆ ಒಳ್ಳೆಯದು, ಇಟ್ಟುಕೊಳ್ಳದಿದ್ದರೆ ಲೋಕ ಮುಳುಗುವುದಿಲ್ಲ.

ಲೋಕದಲ್ಲಿ ಬೇರೆ ಎಲ್ಲೂ ಸಿಗದ ವಸ್ತು ಒಂದಿದೆ. ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ. ಸಹಕಾರ ಸಂಘದ ವಾರ್ಷಿಕ ವರದಿ. ಯಾವುದೋ ಮೇಷ್ಟ್ರ ಅಭಿನಂದನ ಗ್ರಂಥ. ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್. 1996ರಲ್ಲಿ ನಮ್ಮ ಊರಲ್ಲಿ ಅಖಿಲ ಭಾರತ ಸಾಹಿತ್ಯ ಸಮ್ಮೇಳನ ಆಯಿತು, ಚೆನ್ನವೀರ ಕಣವಿಯವರು ಅಧ್ಯಕ್ಷರು. ಅಂಥ ಸಂದರ್ಭದಲ್ಲಿ ಊರಿನವರೇ ಕೂತು ಊರಿನ ಬಗ್ಗೆ ಬರೆಯುತ್ತಾರೆ. 300 ಪ್ರತಿ, 500 ಪ್ರತಿ ಅಚ್ಚು ಹಾಕುತ್ತಾರೆ, ವೇದಿಕೆ ಮೇಲೆ ಹಂಚುತ್ತಾರೆ, ಆಮೇಲೆ ಅದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೇಂದ್ರದ 1954ರ ಕಾನೂನಿನ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಶಾಲೆಯ ಸ್ಮರಣ ಸಂಚಿಕೆಯನ್ನು ಯಾರು ಕಳಿಸುತ್ತಾರೆ, ಹೇಳಿ? ಅದು ಉಳಿಯುವುದಾದರೆ ಇಲ್ಲೇ ಉಳಿಯಬೇಕು.

ಮತ್ತೆ ಫೋಟೊ. ಇವತ್ತಿನ ಮಾತು ಮುಖ್ಯವಾಗಿ ಅದೇ.

ನಮ್ಮ ಜಿಲ್ಲೆ ಕ್ಯಾಮೆರಾ ಕಂಡು 160 ವರ್ಷ ದಾಟಿದೆ. 1850ರ ದಶಕದಲ್ಲೇ ಪಿಗೂ, ನೀಲ್ ಅನ್ನುವವರು ಕ್ಯಾಮೆರಾ ಹೊತ್ತುಕೊಂಡು ಬಂದು ಹಳೇಬೀಡು ಕಡೆಯ ಗುಡಿಗಳ ಫೋಟೊ ತೆಗೆದರು. ಅವು 1866ರಲ್ಲಿ ಲಂಡನ್‌ನಲ್ಲಿ ಪುಸ್ತಕವಾಗಿ ಬಂದವು. ಆಮೇಲೆ ಬಂದವರು ಎಷ್ಟು ಜನ! ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಗೆ, ದೊಡ್ಡಗದ್ದವಳ್ಳಿಯ ಗುಡಿಗೆ ಒಂದೊಂದು ಚಿತ್ರಸಹಿತ ಪುಸ್ತಕ ಮಾಡಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಈಗ ದಿನಕ್ಕೆ ಸಾವಿರಾರು ಮೊಬೈಲ್ ಫೋಟೊ. ಮದನಿಕೆಯರಿಗೆ ಫೋಟೊಗೆ ಕೊರತೆ ಇಲ್ಲ.

ಆ ಹಳೆಯ ಗುಡಿ ಫೋಟೊಗಳಲ್ಲಿ ಒಂದು ವಾಡಿಕೆ ಇತ್ತು. ಕಂಬದ ಪಕ್ಕದಲ್ಲೋ ಬಾಗಿಲ ಬಳಿಯೋ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಕಂಬ ಎಷ್ಟು ಎತ್ತರ ಅಂತ ನೋಡುವವರಿಗೆ ತಿಳಿಯಲಿ ಅಂತ. ಕಂಬದ ವಿವರ ಪುಟಗಟ್ಟಲೆ ಬರೆದರು. ಯಾವ ದೊರೆ, ಯಾವ ಶಕ, ಯಾವ ಶಿಲ್ಪಿ, ಎಲ್ಲ ಬಂತು. ನಿಂತ ಮನುಷ್ಯ ಯಾರು ಅಂತ ಬರೆಯಲಿಲ್ಲ. ಅವನು ಆ ಊರಿನವನೇ ಇರಬೇಕು. ಮೊಮ್ಮಕ್ಕಳ ಮಕ್ಕಳು ಈಗಲೂ ಅಲ್ಲೇ ಇದ್ದಾರೋ ಏನೋ. ಫೋಟೊ ಲಂಡನ್‌ನಲ್ಲಿ ಚೆನ್ನಾಗಿದೆ, ಹೆಸರು ಮಾತ್ರ ಹೋಯಿತು.

ನಾನು ಹೇಳಬೇಕಾದ್ದು ಇಷ್ಟೇ: ಲೈಬ್ರರಿಗೆ ಫೋಟೊಕ್ಕಿಂತ ಫೋಟೊದ ಬೆನ್ನು ಮುಖ್ಯ. ಯಾರು, ಎಲ್ಲಿ, ಯಾವಾಗ, ಯಾಕೆ ಸೇರಿದ್ದರು, ಫೋಟೊ ಯಾರ ಮನೆಯಿಂದ ಬಂತು ಅಂತ ಅಲ್ಲಿ ಬರೆದಿರಬೇಕು. ಅದಿಲ್ಲದ ಫೋಟೊ ಎಷ್ಟು ಹಳೆಯದಾದರೂ ನೋಡಿ ಅಯ್ಯೋ ಚೆನ್ನಾಗಿದೆ ಅನ್ನಬಹುದು, ಅದರಿಂದ ತಿಳಿದುಕೊಳ್ಳುವುದು ಕಡಿಮೆ. ಸ್ಕ್ಯಾನರ್ ತರುವುದು ಸುಲಭ. ಅನುದಾನ ಬಂದರೆ ನಾಳೆ ಬರುತ್ತದೆ. ಹೆಸರು ಹೇಳಬಲ್ಲ ಅಜ್ಜಿಯನ್ನು ಯಾವ ಅನುದಾನದಲ್ಲೂ ತರಲು ಆಗುವುದಿಲ್ಲ. ಹಾಗಾಗಿ ಕೆಲಸ ಶುರು ಮಾಡಬೇಕಾದ್ದು ಸ್ಕ್ಯಾನರ್‌ನಿಂದ ಅಲ್ಲ, ಅಜ್ಜಿಯಿಂದ.

ನಮ್ಮ ಕಡೆ ಫೋಟೊ ಯಾವಾಗ ತೆಗೆಸುತ್ತಿದ್ದರು ಅಂತ ಯೋಚಿಸಿ. ಮದುವೆ, ಗೃಹಪ್ರವೇಶ, ಶಾಲೆ ಬಿಡುವಾಗ ಒಂದು ಗ್ರೂಪ್ ಫೋಟೊ, ವರ್ಗಾವಣೆ ಆದ ಸಾಹೇಬರಿಗೆ ಬೀಳ್ಕೊಡುಗೆ. ಮನೆಯಲ್ಲಿ ಕ್ಯಾಮೆರಾ ಇದ್ದವರೂ ಕೈ ಬಿಗಿ ಹಿಡಿದೇ ತೆಗೆಯುತ್ತಿದ್ದರು. ಅಗ್ಫಾ ಕ್ಲಿಕ್ 3 ನೆನಪಿದೆ ಅಲ್ವಾ? ಒಂದು ರೋಲ್‌ಗೆ 12 ಚೌಕದ ಫೋಟೊ. ಹನ್ನೆರಡರಲ್ಲಿ ಒಂದನ್ನು ಸಂತೆಗೋ ಬಸ್ ಸ್ಟ್ಯಾಂಡಿಗೋ ಯಾರು ಖರ್ಚು ಮಾಡುತ್ತಾರೆ? ಹಾಗಾಗಿ ದಿನಾ ಕಾಣುತ್ತಿದ್ದದ್ದು ಯಾವುದೂ ಫೋಟೊದಲ್ಲಿ ಇಲ್ಲ. ಜಲಂಧರ್‌ನಿಂದ ಲಾರಿಯಲ್ಲಿ ಬಂದ ಬಿತ್ತನೆ ಆಲೂಗಡ್ಡೆ ಚೀಲಗಳನ್ನು ಮಾರುಕಟ್ಟೆಯಲ್ಲಿ ಇಳಿಸುವುದು ನಮ್ಮ ಊರಿನ ಬೇಸಿಗೆಯ ದೊಡ್ಡ ಗಲಾಟೆ. ಅದರ ಹಳೆಯ ಫೋಟೊ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಕೈ ಎತ್ತಿ ಅಂತ ಕೇಳಿದೆ. ಸಭೆಯಲ್ಲಿ ಒಂದು ಕೈಯೂ ಏಳಲಿಲ್ಲ. ಕಟ್ಟಿನಕೆರೆ ಮಾರುಕಟ್ಟೆ ಹೆಸರಲ್ಲೇ ಕೆರೆ ಇಟ್ಟುಕೊಂಡಿದೆ. ನೀರಿದ್ದ ಕಾಲದ ಫೋಟೊ ಯಾರ ಬಳಿ ಇದೆ?

ಆದರೆ ಒಂದು ಉಪಾಯ ಇದೆ. ಮದುವೆ ಫೋಟೊದಲ್ಲಿ ಮದುಮಕ್ಕಳ ಹಿಂದೆ ಏನಿದೆ ನೋಡಿ. ಅಲ್ಲಿ ಬೀದಿ ಇದೆ, ಅಂಗಡಿ ಬೋರ್ಡ್ ಇದೆ, ನಿಂತ ಬಸ್ಸಿದೆ. ನಮ್ಮ ಊರಿನ ಇತಿಹಾಸ ಇರುವುದು ಮದುಮಕ್ಕಳ ಭುಜದ ಮೇಲುಗಡೆ.

ಹಿಂದೆ ಇರುವ ವಸ್ತುಗಳಿಂದಲೇ ಕಾಲ ಹೇಳಬಹುದು. ಇದು ನನಗೆ ತುಂಬ ಇಷ್ಟದ ಕೆಲಸ, ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ಸರ್ಕಾರಿ ಬಸ್ಸಿನ ಮೇಲೆ ಎಂಜಿಆರ್‌ಟಿಡಿ, ಅಂದರೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಅಂತ ಇದ್ದರೆ ಅದು 1948ರಿಂದ 1961ರ ಒಳಗೆ ಬರೆದದ್ದು. ಎಂಎಸ್‌ಆರ್‌ಟಿಸಿ, ಅಂದರೆ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಅಂತ ಇದ್ದರೆ 1961ರ ಆಮೇಲೆ. ಕೆಎಸ್‌ಆರ್‌ಟಿಸಿ ಅಂತ ಇದ್ದರೆ 1973ರ ನವೆಂಬರ್‌ಗೆ ರಾಜ್ಯದ ಹೆಸರು ಬದಲಾದ ಮೇಲೆ. ಕಾರಿನ ನಂಬರ್ ಎಂವೈ ಅಂತ ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿ. ಹಾಸನದ ಕೆಎ 13 ಅಂತ ಇದ್ದರೆ 1989ಕ್ಕಿಂತ ಹಿಂದಿನ ಫೋಟೊ ಆಗಲು ಸಾಧ್ಯವೇ ಇಲ್ಲ, ಹೊಸ ಮೋಟಾರು ಕಾಯ್ದೆ ಜಾರಿಗೆ ಬಂದದ್ದೇ ಆ ವರ್ಷ. ಅಂಗಡಿ ಬೋರ್ಡಿನಲ್ಲಿ 573201 ಅಂತ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ದಾಟಿದೆ. ಬೆಲೆ ಆಣೆಯಲ್ಲಿದ್ದರೆ 1957ರ ಆಸುಪಾಸು ಅಥವಾ ಅದಕ್ಕೂ ಹಿಂದೆ. ಸಕಲೇಶಪುರದ ಘಾಟಿಯಲ್ಲಿ ಕಿರಿದಾದ ಮೀಟರ್ ಗೇಜ್ ಹಳಿ ಕಂಡರೆ 1979ರಿಂದ 1990ರ ದಶಕದ ನಡುವಿನದು. ಬ್ರಾಡ್ ಗೇಜ್ ಆಗಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಪಕ್ಕದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ, ಹಾಗಾಗಿ ಆ ಊರಿನ ಸ್ಟೇಷನ್ ಫೋಟೊಗೆ ಪತ್ತೇದಾರಿಕೆ ಬೇಡ.

ಮುಂಭಾಗ ಏನೂ ಹೇಳದಿದ್ದರೆ ತಿರುಗಿಸಿ ನೋಡಿ. ಕಾಗದದ ಹಿಂದೆ ತಿಳಿಯಾಗಿ ಇಂದು ಅಂತ ಮುದ್ರೆ ಇದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಕಾಗದ. ಆ ಕಾರ್ಖಾನೆ ತಯಾರಿಕೆ ಶುರು ಮಾಡಿದ್ದು 1967ರಲ್ಲಿ. ಸ್ಟುಡಿಯೊದ ಸೀಲ್ ಇದ್ದರೆ ಇನ್ನೂ ಒಳ್ಳೆಯದು, ಆ ಸ್ಟುಡಿಯೊ ಯಾವ ಬೀದಿಯಲ್ಲಿ ಎಷ್ಟು ವರ್ಷ ಇತ್ತು ಅಂತ ಹಿರಿಯರು ಹೇಳುತ್ತಾರೆ. ಆದರೆ ಎಚ್ಚರ. ಬೆನ್ನ ಮೇಲಿನ ಗುರುತುಗಳು ಹೇಳುವುದು ಆ ಪ್ರಿಂಟ್ ಇದಕ್ಕಿಂತ ಹಿಂದಿನದಲ್ಲ ಅನ್ನುವುದನ್ನು ಮಾತ್ರ. ಹಳೇ ನೆಗೆಟಿವ್‌ನಿಂದ ಇಪ್ಪತ್ತು ವರ್ಷದ ಮೇಲೆ ಪ್ರಿಂಟ್ ಹಾಕಿಸಿದ್ದೂ ಇರಬಹುದು. ತಾತ ತೀರಿಕೊಂಡಾಗ ಗೋಡೆಗೆ ಹಾಕಲು ಎಷ್ಟೋ ಮನೆಯವರು ಗ್ರೂಪ್ ಫೋಟೊದಿಂದ ಮುಖ ಮಾತ್ರ ದೊಡ್ಡದು ಮಾಡಿಸುತ್ತಿದ್ದರು. ಮೇಲೆ ಕೈಯಿಂದ ಬಣ್ಣ ಬೇರೆ. ಆ ಕಾಗದ ತಾತನ ಕಾಲದ್ದಲ್ಲ.

ಈಗ ಶಾಲೆಯ ಗ್ರೂಪ್ ಫೋಟೊ. ನನ್ನ ಲೆಕ್ಕದಲ್ಲಿ ಸಣ್ಣ ಊರಿನ ಲೈಬ್ರರಿಗೆ ಇದಕ್ಕಿಂತ ಬೆಲೆಬಾಳುವ ಫೋಟೊ ಇಲ್ಲ. ಸ್ಟುಡಿಯೊಗೆ ಹೋಗಲು ದುಡ್ಡಿಲ್ಲದ ಮನೆಯ ಮಕ್ಕಳೂ ಅದರಲ್ಲಿ ಇರುತ್ತಾರೆ. ಕೆಳಗೆ ಹೆಸರು ಅಚ್ಚಾಗಿರುತ್ತದೆ. ಕುಳಿತವರು, ಎಡದಿಂದ ಬಲಕ್ಕೆ. ನಿಂತವರು, ಮೊದಲನೇ ಸಾಲು, ಎರಡನೇ ಸಾಲು. ಇಷ್ಟು ಚೆನ್ನಾಗಿ ಹೆಸರು ಬರೆದ ಫೋಟೊ ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ಗಮನ ಇಟ್ಟು ಓದಿ. ಹೆಡ್‌ಮಾಸ್ಟರಿಗೆ ಇನಿಷಿಯಲ್ ಇದೆ, ಡಿಗ್ರಿ ಇದೆ. ಮೇಷ್ಟ್ರುಗಳಿಗೆ ಇನಿಷಿಯಲ್ ಇದೆ. ಕೊನೆಯಲ್ಲಿ ಬಾಗಿಲ ಪಕ್ಕ ನಿಂತ ಜವಾನನಿಗೆ ಬರೀ ಒಂದು ಹೆಸರು, ಕೆಲವು ಸಲ ಅದೂ ಇಲ್ಲ. ಮೇಡಂಗಳಿದ್ದರೆ ಶ್ರೀಮತಿ ಅಂತ ಹಾಕಿ ಗಂಡನ ಹೆಸರು. ಹೆಸರು ಬರೆದವರಿಗೆ ಅದು ಸಹಜ ಅನ್ನಿಸಿತ್ತು. ಈಗ ಬರೆಯುವವರು ನಾವು, ನಮಗೆ ಹಾಗೆ ಅನ್ನಿಸಬಾರದು.

ಯಾರು ಫೋಟೊದಲ್ಲೇ ಇಲ್ಲ ಅನ್ನುವುದೂ ಒಂದು ಪ್ರಶ್ನೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಬನ್ನಿ. ಬ್ರಿಟಿಷ್ ದೊರೆಗಳ ಬಂಗಲೆ, ಕ್ಲಬ್ಬು, ಬೇಟೆ, ಕುದುರೆ, ಎಲ್ಲಕ್ಕೂ ಫೋಟೊ ಇದೆ. ಆಮೇಲೆ ಬಂದ ನಮ್ಮ ಪ್ಲಾಂಟರ್‌ಗಳ ಮನೆಯಲ್ಲೂ ಒಳ್ಳೊಳ್ಳೆ ಆಲ್ಬಂಗಳಿವೆ. ಕೂಲಿಯವರ ಲೈನ್ ಮನೆಗಳಲ್ಲಿ ಇದ್ದವರ ಫೋಟೊ ಎಷ್ಟಿದೆ? ಇದ್ದರೂ ಹಣ್ಣು ಕೊಯ್ಯುತ್ತಿರುವ ಗುಂಪು, ಕಣದಲ್ಲಿ ಕಾಫಿ ಹರಡುತ್ತಿರುವ ಗುಂಪು. ಮುಖ ಇದೆ, ಹೆಸರಿಲ್ಲ. ಹೆಸರು ಇರುವುದು ಇನ್ನೊಂದು ಕಡೆ. ತೋಟದ ಗುಮಾಸ್ತ, ಅಂದರೆ ರೈಟರು ಬರೆಯುತ್ತಿದ್ದ ಚೆಕ್‌ರೋಲ್ ಪುಸ್ತಕದಲ್ಲಿ ಯಾರು ಎಷ್ಟು ದಿನ ಬಂದರು, ಎಷ್ಟು ಕೂಲಿ, ಯಾವ ಮೇಸ್ತ್ರಿ ಗುಂಪು ಅಂತ ಸಾಲು ಸಾಲಾಗಿ ಇರುತ್ತದೆ. ಅಲ್ಲಿ ಮುಖ ಇಲ್ಲ. ಲೈಬ್ರರಿಯವರು ತೋಟದವರನ್ನು ಬರೀ ಆಲ್ಬಂ ಕೇಳಬಾರದು, ಹಳೇ ಚೆಕ್‌ರೋಲ್ ಕೂಡ ಕೇಳಬೇಕು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಅದೇ ತೋಟದಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೂರಿಸಿ ಕೇಳಿದರೆ ಕೆಲವು ಮುಖಗಳಿಗಾದರೂ ಹೆಸರು ಸಿಗುತ್ತದೆ. ಚೆಕ್‌ರೋಲ್‌ಗಳು ಈಗ ರದ್ದಿಗೆ ಹೋಗುತ್ತಿವೆ, ಬೇಗ ಕೇಳಬೇಕು.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಇನ್ನೊಂದು ಉದಾಹರಣೆ. 1981ರದು ಸಾವಿರ ವರ್ಷದ ಉತ್ಸವ. ಇಂದಿರಾ ಗಾಂಧಿ ಹೆಲಿಕಾಪ್ಟರ್‌ನಿಂದ ಹೂವು ಸುರಿಸಿದರು. ಆ ಫೋಟೊಗಳು ದೇಶದ ಎಲ್ಲ ಪತ್ರಿಕೆಗಳ ಕಡತದಲ್ಲಿವೆ, ನಮ್ಮ ಲೈಬ್ರರಿಗೆ ಅದೇ ಬೇಕು ಅಂತಿಲ್ಲ. ಬೆಟ್ಟ ಹತ್ತಲಾಗದವರನ್ನು ಡೋಲಿಯಲ್ಲಿ ಹೊತ್ತವರ ಫೋಟೊ ಬೇಕು. ಆ ಊರಿನ ಮನೆಗಳಲ್ಲಿ ಅತಿಥಿಗಳು ತಂಗಿದ್ದಾಗ ಜಗಲಿಯ ಮೇಲೆ ಕೂತು ತೆಗೆಸಿಕೊಂಡ ಫೋಟೊ ಬೇಕು. ಬಡವರ ಮನೆಯಲ್ಲಿ ಹುಡುಕುವುದು ಏನನ್ನು ಅಂತ ಕೆಲವರು ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅಜ್ಜ ಅಜ್ಜಿಯರ ಒಂದೇ ಒಂದು ಫೋಟೊ ಅಂದರೆ ಮತದಾರರ ಗುರುತಿನ ಚೀಟಿಯದು, 1993ರ ಆದೇಶದ ನಂತರ ಬಂದದ್ದು. ಕಪ್ಪು ಬಿಳುಪು, ಮಸುಕು, ಹೆದರಿದ ಮುಖ. ಆದರೂ ಅದೇ ಅವರ ಚಿತ್ರ. ಮನೆಯವರು ಒಪ್ಪಿದರೆ ಅದನ್ನೂ ತೆಗೆದುಕೊಳ್ಳಬೇಕು.

ಮುಳುಗಡೆಯ ಮಾತು ಎತ್ತದೆ ಹಾಸನದಲ್ಲಿ ಫೋಟೊದ ಬಗ್ಗೆ ಮಾತು ಮುಗಿಸಲಾಗದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಆಯಿತು. ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚ್ ಎಲ್ಲರಿಗೂ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬೆಂಗಳೂರಿನಿಂದ ಜೋಡಿಗಳು ಬರುತ್ತಾರೆ. ಬರಲಿ ಬಿಡಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗ, ಮೈದಾನದಲ್ಲಿ ಜನ ಸೇರುತ್ತಿದ್ದಾಗ, ಅಲ್ಲೇ ಮದುವೆಯಾದ ಊರಿನ ಜೋಡಿಗಳ ಫೋಟೊ? ಅದರ ಸುತ್ತಲಿನ ಮನೆಗಳದ್ದು? ಭೂಸ್ವಾಧೀನದ ಕಡತ ತೆಗೆದರೆ ಸರ್ವೆ ನಂಬರ್, ಎಕರೆ, ಗುಂಟೆ, ಪರಿಹಾರದ ಮೊತ್ತ, ಎಲ್ಲ ಇರುತ್ತದೆ. ಊರು ಹೇಗಿತ್ತು ಅಂತ ಇರುವುದಿಲ್ಲ. ಅದು ಇರುವುದು ಮನೆ ಬಿಟ್ಟು ಹೋದವರ ಟ್ರಂಕಿನಲ್ಲಿ. ಅವರು ಪುನರ್ವಸತಿ ಹಳ್ಳಿಗಳಲ್ಲಿದ್ದಾರೆ, ಹಾಸನ ಪೇಟೆಯಲ್ಲಿದ್ದಾರೆ, ಮಕ್ಕಳ ಜೊತೆ ಬೆಂಗಳೂರಿನಲ್ಲಿದ್ದಾರೆ. ಮುಳುಗುವಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತೈದು ದಾಟಿದೆ. ಊರಿನ ನಕ್ಷೆ ಬರೆಯಲು ಹೇಳಿದರೆ ಬರೆಯುತ್ತಾರೆ. ಇಲ್ಲಿ ಬಾವಿ, ಇಲ್ಲಿ ಅರಳಿಕಟ್ಟೆ, ಇಲ್ಲಿ ನಮ್ಮ ಕೊಟ್ಟಿಗೆ. ಫೋಟೊ ಸಿಗದ ಕಡೆ ಆ ನಕ್ಷೆಯೇ ಫೋಟೊ. ನಮ್ಮ ಜಿಲ್ಲಾ ಗ್ರಂಥಾಲಯ ಒಂದೇ ಒಂದು ಕೆಲಸ ಮಾಡಬಲ್ಲದು ಅಂತಾದರೆ ಇದನ್ನು ಮಾಡಲಿ ಅಂತ ಕೇಳಿಕೊಳ್ಳುತ್ತೇನೆ.

ಫೋಟೊ ಕಾಪಾಡುವುದಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಹವೆ ಒಂದೇ ಅಲ್ಲ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ಮಳೆ ದಾಟುತ್ತದೆ, ಅರಸೀಕೆರೆ ಕಡೆ ಅದರ ಮೂರನೇ ಒಂದು ಭಾಗ. ಮಲೆನಾಡಿನ ಮನೆಯ ಫೋಟೊಗೆ ಶತ್ರು ಬೂಷ್ಟು. ಬಯಲು ಸೀಮೆಯದಕ್ಕೆ ಧೂಳು, ಬಿಸಿಲು, ಗೆದ್ದಲು. ಕಪ್ಪು ಬಿಳುಪು ಫೋಟೊದ ಮೇಲೆ ಜೆಲಟಿನ್ ಪದರ ಇರುತ್ತದೆ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಥಂಡಿ ಹಿಡಿದರೆ ಬೂಷ್ಟಿಗೆ ಅದೇ ಊಟ. ಹಾಗಾಗಿ ಹೊರಗೋಡೆಗೆ ಫೋಟೊ ನೇತು ಹಾಕಬೇಡಿ. ಕಬ್ಬಿಣದ ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ, ಒಂದು ಅಂಗೈ ಜಾಗ ಬಿಡಿ. ಫ್ರೇಮಿನ ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮುಖ ಗಾಜಿಗೇ ಬರುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ.

1980, 90ರ ದಶಕದ ಅಂಟು ಆಲ್ಬಂಗಳು ಎಲ್ಲರ ಮನೆಯಲ್ಲೂ ಇವೆ. ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಅಂಟಿಸಿ ಮತ್ತೆ ಹಾಳೆ ಮುಚ್ಚುವುದು. ಆಗ ಅದೇ ದೊಡ್ಡ ಫ್ಯಾಷನ್. ಫೋಟೊಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಅಂಟು ಹಳದಿಯಾಗುತ್ತದೆ, ಕಾಗದಕ್ಕೆ ಇಳಿಯುತ್ತದೆ. ಬಣ್ಣದ ಫೋಟೊ ಆ ಕಾಲದ್ದಾದರೆ ಹೇಗೂ ಕೆಂಪಗೆ ತಿರುಗಿರುತ್ತದೆ, ಬೇರೆ ಬಣ್ಣಗಳು ಮೊದಲು ಹಾರಿಹೋಗಿರುತ್ತವೆ. ನಮ್ಮ ಅಜ್ಜನ ಕಪ್ಪು ಬಿಳುಪು ಫೋಟೊ ನಮ್ಮ ಮದುವೆಯ ಬಣ್ಣದ ಫೋಟೊಗಿಂತ ಜಾಸ್ತಿ ಬಾಳುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಸೆಲೊಟೇಪ್ ಹಚ್ಚಬೇಡಿ. ನುಸಿ ಗುಳಿಗೆ ಫೋಟೊಗೆ ತಾಗಿಸಿ ಇಡಬೇಡಿ. ನೆಗೆಟಿವ್ ಡಬ್ಬಿ ತೆಗೆದಾಗ ಹುಳಿ ವಾಸನೆ, ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದನ್ನು ಬೇರೆ ಮಾಡಿ, ಪಕ್ಕದವಕ್ಕೂ ಹರಡುತ್ತದೆ. ಮೊದಲು ಸ್ಕ್ಯಾನ್ ಆಗಬೇಕಾದ್ದು ಅದೇ.

ಬೆನ್ನಲ್ಲಿ ಬರೆಯುವುದು ಮುಖ್ಯ ಅಂದೆನಲ್ಲ, ಅದಕ್ಕೂ ಒಂದು ಕ್ರಮ ಇದೆ. ಬಾಲ್‌ಪೆನ್ ಬೇಡ. ಒತ್ತಿದರೆ ಮುಂಭಾಗದಲ್ಲಿ ಗೀರು ಮೂಡುತ್ತದೆ, ಶಾಯಿ ಇನ್ನೊಂದು ಫೋಟೊಗೆ ಹತ್ತುತ್ತದೆ. ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನ ಹತ್ತಿರ, ಹಗುರವಾಗಿ. ಪೆನ್ಸಿಲ್ ಹಿಡಿಯದ ನುಣುಪು ಕಾಗದ ಆದರೆ ಬೇರೆ ಚೀಟಿಯಲ್ಲಿ ಬರೆದು ಫೋಟೊ ಜೊತೆ ಲಕೋಟೆಯಲ್ಲಿ ಇಡಿ.

ಲೈಬ್ರರಿಯವರು ಜನರಿಂದ ಫೋಟೊ ಪಡೆಯುವುದು ಹೇಗೆ? ಕೊಡಿ ಅಂತ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ನಮ್ಮಲ್ಲಿ ಹಿರಿಯರ ಫೋಟೊ ಅಂದರೆ ಹಾರ ಹಾಕಿ, ಕುಂಕುಮ ಇಟ್ಟು, ಹಬ್ಬದಲ್ಲಿ ಎಡೆ ಇಡುವ ವಸ್ತು. ಅದನ್ನು ಸರ್ಕಾರಿ ಬೀರುವಿಗೆ ಹಾಕುತ್ತೇವೆ ಅಂದರೆ ಯಾರು ಒಪ್ಪುತ್ತಾರೆ? ತೋರಿಸಿ ಅಂತ ಕೇಳಬೇಕು. ತಿಂಗಳಿಗೆ ಒಂದು ಭಾನುವಾರ, ಒಂದು ಮೇಜು, ಒಂದು ಸ್ಕ್ಯಾನರ್, ಒಂದು ದಪ್ಪ ರಿಜಿಸ್ಟರ್. ಜನ ಆಲ್ಬಂ ತರುತ್ತಾರೆ, ಕಣ್ಣೆದುರೇ ಸ್ಕ್ಯಾನ್ ಆಗುತ್ತದೆ, ಅವತ್ತೇ ಆಲ್ಬಂ ವಾಪಸ್. ಅವರಿಗೂ ಒಂದು ಪ್ರತಿ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಸ್ಪಷ್ಟತೆಯಲ್ಲಿ, ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿಕೊಂಡರೆ ಸಾಕು. ನೋಡಲು ಕೊಡುವುದಕ್ಕೆ ಚಿಕ್ಕ ಜೆಪೆಗ್. ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲಿರಲಿ. ಇಷ್ಟಕ್ಕೆ ದೊಡ್ಡ ಯೋಜನೆ ಏನೂ ಬೇಡ. ನಾವು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತೇವೆ, ರಸೀದಿ ತೆಗೆದು ನೋಡಿ. 1965ರ ಕಾಯ್ದೆಯಿಂದ ಬಂದ ಕರ ಅದು. ಸ್ಕ್ಯಾನರ್ ಅದರಲ್ಲೇ ಬರುತ್ತದೆ.

ಹಕ್ಕಿನ ಬಗ್ಗೆ ಎರಡು ಮಾತು. ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರದು. ನಮ್ಮ ಕಾಪಿರೈಟ್ ಕಾಯ್ದೆ ಹಾಗೆ ಹೇಳುತ್ತದೆ. ಫೋಟೊಗ್ರಾಫರ್ ತಾನೇ ಇಷ್ಟಪಟ್ಟು ತೆಗೆದ ಬೀದಿ, ಸಂತೆ, ಜಾತ್ರೆಯ ಫೋಟೊ ಅವರದು. ಹಾಗಾಗಿ ರಿಜಿಸ್ಟರ್‌ನಲ್ಲಿ ಯಾರು ತಂದರು ಅನ್ನುವುದರ ಜೊತೆ ಯಾರು ತೆಗೆದರು ಅಂತಲೂ ಬರೆಯಬೇಕು. ನಮ್ಮ ಊರಿನ ಹಳೆಯ ಸ್ಟುಡಿಯೊದವರಿಗೆ ಇದು ಸಲ್ಲಬೇಕಾದ ಗೌರವವೂ ಹೌದು. ಡಿಜಿಟಲ್ ಬಂದಾಗ ಎಷ್ಟೋ ಸ್ಟುಡಿಯೊಗಳು ನೆಗೆಟಿವ್‌ಗಳನ್ನು ಚೀಲಗಟ್ಟಲೆ ಗುಜರಿಗೆ ಹಾಕಿದವು, ಬೆಳ್ಳಿ ಅಂಶಕ್ಕೆ ಒಂದಿಷ್ಟು ದುಡ್ಡು ಬರುತ್ತಿತ್ತು. ಗಾಜಿನ ಪ್ಲೇಟುಗಳನ್ನು ತೊಳೆದು ಫ್ರೇಮಿಗೆ ಹಾಕಿದವರೂ ಇದ್ದಾರೆ. ಅವರನ್ನು ಬೈಯಬೇಡಿ. ಉಳಿದದ್ದು ಏನಾದರೂ ಇದೆಯಾ ಅಂತ ಹೋಗಿ ಕೇಳಿ.

ಕೊನೆಗೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ವಾಟ್ಸಾಪ್ ಗುಂಪುಗಳಲ್ಲಿ ಹಳೇ ಹಾಸನದ ಫೋಟೊ ದಿನಾ ಬರುತ್ತವೆ, ಲೈಬ್ರರಿ ಯಾಕೆ ಬೇಕು? ಬರುತ್ತವೆ, ಸಂತೋಷ. ಆದರೆ ಅಲ್ಲಿ ಫೋಟೊ ಕಳಿಸುವಾಗಲೇ ಕುಗ್ಗುತ್ತದೆ, ಹತ್ತು ಕೈ ದಾಟಿದ ಮೇಲೆ ಮಬ್ಬಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಯಾರ ಮನೆಯದು ಅಂತ ಗೊತ್ತಾಗುವುದಿಲ್ಲ. ಬೇರೆ ಊರಿನ ಫೋಟೊಗೆ ನಮ್ಮ ಊರಿನ ಹೆಸರು ಹಾಕಿ ಬಿಡುವವರೂ ಇದ್ದಾರೆ. ಗುಂಪಿನಲ್ಲಿ ಯಾರೋ ಇದು ನಮ್ಮ ಚಿಕ್ಕಪ್ಪ ಅಂತ ಬರೆದಿರುತ್ತಾರೆ, ಆ ಒಂದು ಸಾಲು ಚಿನ್ನ, ನಾಳೆ ಶುಭೋದಯಗಳ ಅಡಿಯಲ್ಲಿ ಹೂತು ಹೋಗುತ್ತದೆ. ಅಂಥ ಸಾಲು ಕಂಡರೆ ಅವರಿಗೆ ಫೋನ್ ಮಾಡಿ ಲೈಬ್ರರಿಗೆ ಕರೆತನ್ನಿ.

ಸ್ಕ್ಯಾನ್ ಆದ ಮೇಲೆ ಮೂಲ ಬಿಸಾಡಬಹುದಾ ಅಂತ ಇನ್ನೊಬ್ಬರು. ಬೇಡ. ಕಾಗದದ ಮುದ್ರೆ, ಅಂಚು, ಬೆನ್ನ ಮೇಲಿನ ಸೀಲ್, ಇವೆಲ್ಲ ಮೂಲದಲ್ಲಿ ಮಾತ್ರ ಇರುತ್ತವೆ. ಸ್ಕ್ಯಾನ್ ಮಾಡುವಾಗ ಬೆನ್ನನ್ನೂ ಮಾಡಿ, ಏನೂ ಬರೆದಿಲ್ಲದಿದ್ದರೂ ಮಾಡಿ.

ಒಬ್ಬ ಯುವತಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಹಳೆಯ ಫೋಟೊಗಳ ಮೇಲೆ ಜಾತಿ ಹೆಸರು ಹಿಡಿದು, ಈಗ ಬಾಯಲ್ಲಿ ಹೇಳಲೂ ಆಗದ ಮಾತಿನಲ್ಲಿ ಬರೆದಿರುತ್ತಾರೆ. ಅದನ್ನು ಅಳಿಸಬೇಕಾ, ಹಾಗೇ ಬಿಡಬೇಕಾ? ನನ್ನ ಅಭಿಪ್ರಾಯ ಹೇಳಿದೆ. ಮೂಲದ ಮೇಲೆ ಬರೆದದ್ದನ್ನು ಅಳಿಸಬಾರದು. ಯಾರು ಯಾರನ್ನು ಹೇಗೆ ಕರೆಯುತ್ತಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಅದನ್ನೇ ಸೂಚಿಯಲ್ಲಿ ಹೆಸರಾಗಿ ಹಾಕಬಾರದು. ರಿಜಿಸ್ಟರ್‌ನಲ್ಲಿ ಎರಡು ಕಾಲಂ ಇರಲಿ. ಒಂದರಲ್ಲಿ ಫೋಟೊದ ಮೇಲೆ ಇರುವುದು ಇದ್ದ ಹಾಗೆ. ಇನ್ನೊಂದರಲ್ಲಿ ಆ ಮನೆಯವರು ಹೇಳುವ ಹೆಸರು. ಓದುಗರು ಹುಡುಕಿದಾಗ ಕಾಣಬೇಕಾದ್ದು ಎರಡನೆಯದು. ಮನೆಯವರು ಜಾತಿ ಹೇಳಿದರೆ ಬರೆದುಕೊಳ್ಳಿ, ಹೇಳದಿದ್ದರೆ ಕೇಳಬೇಡಿ. ಆಕೆಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಅಂಥ ಫೋಟೊವನ್ನು ಪ್ರದರ್ಶನಕ್ಕೆ ಇಡುವ ಮೊದಲು ಆ ಕೇರಿಯವರನ್ನು ಕೇಳಬೇಕು, ಬರೀ ತಂದುಕೊಟ್ಟವರ ಒಪ್ಪಿಗೆ ಸಾಲದು ಅಂದರು. ಅವರ ಮಾತು ಸರಿ. ರಿಜಿಸ್ಟರ್‌ಗೆ ಮೂರನೇ ಕಾಲಂ ಒಂದು ಬೇಕಾಗುತ್ತದೆ.